ಮಾಲ್ಟಾದ ಮೂಳೆಗಳನ್ನು ನಮ್ಮ ಸಾಕ್ಷಿಗೆ ಕರೆಯಬೇಡಿ

ನಮ್ಮ ಶಿಬಿರಗಳಲ್ಲಿ, ಶರಣ ಸಂಗಮಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ವಾಟ್ಸಾಪ್ ಗುಂಪುಗಳಲ್ಲಿ ಎರಡು ಮೂರು ವರ್ಷಗಳಿಂದ ಒಂದು ಉಪನ್ಯಾಸ ತಿರುಗಾಡುತ್ತಿದೆ. ಹೇಳುವವರು ಬೇರೆ ಬೇರೆ, ತೋರಿಸುವ ಚಿತ್ರಗಳು ಮಾತ್ರ ಅವೇ. ಮೆಡಿಟರೇನಿಯನ್ ಸಮುದ್ರದ ನಡುವೆ ಮಾಲ್ಟಾ ಎಂಬ ಪುಟ್ಟ ದ್ವೀಪ. ಅಲ್ಲಿ ನೆಲದೊಳಗೆ ಬಂಡೆ ಕೊರೆದು ಮಾಡಿದ, ಐದಾರು ಸಾವಿರ ವರ್ಷ ಹಳೆಯದಾದ ಶ್ಮಶಾನ. ‘ನೋಡಿರಿ, ಹೂಳುವ ನಮ್ಮ ಪದ್ಧತಿ ಎಷ್ಟು ಪ್ರಾಚೀನ! ಅಲ್ಲಿ ಲಿಂಗ ಸಿಕ್ಕಿದೆ, ಕಾವಿ ಸಿಕ್ಕಿದೆ, ಓಂಕಾರ ಮೊಳಗುವ ಕೋಣೆ ಸಿಕ್ಕಿದೆ. ಆಮೇಲೆ ಸುಡುವ ಜನ ಬಂದು ಹೂಳುವ ಜನರನ್ನು ಅಳಿಸಿದರು.’ ಇಷ್ಟು ಹೇಳುವ ಹೊತ್ತಿಗೆ ಸಭೆ ಚಪ್ಪಾಳೆ ತಟ್ಟುತ್ತದೆ. ಹಾರ, ಶಾಲು, ಫಲತಾಂಬೂಲ.

ಇದನ್ನು ವಿರೋಧಿಸಿ ಬರೆಯಬೇಕೆಂದೇ ಈ ಲೇಖನ. ನಾನು ಸ್ವಾಮಿಯಲ್ಲ, ಇತಿಹಾಸದ ಪ್ರಾಧ್ಯಾಪಕನೂ ಅಲ್ಲ. ಸರ್ಕಾರಿ ಇಂಜಿನಿಯರ್ ಆಗಿ ಮೂವತ್ತನಾಲ್ಕು ವರ್ಷ ಕಾಲುವೆ, ಸೇತುವೆ, ಒಡ್ಡು ಎಂದು ಕಲ್ಲು ಮಣ್ಣಿನ ಜೊತೆ ಕಳೆದವನು. ಮಗಳು ಅಳಿಯ ಯುರೋಪಿನಲ್ಲಿ ಇರುವುದರಿಂದ ಒಮ್ಮೆ ಆ ಸ್ಥಳವನ್ನು ಕಣ್ಣಾರೆ ನೋಡುವ ಅವಕಾಶವೂ ಸಿಕ್ಕಿತು. ನೋಡಿ ಬಂದ ಮೇಲೆ ಸಿಕ್ಕಷ್ಟು ಓದಿದೆ. ಆ ಉಪನ್ಯಾಸ ನಿಜವನ್ನು ಹಾಳು ಮಾಡುತ್ತಿದೆ ಎಂಬುದು ಒಂದು ದೂರು. ನಮ್ಮ ಧರ್ಮವನ್ನೂ ಸಣ್ಣದು ಮಾಡುತ್ತಿದೆ ಎಂಬುದು ಇನ್ನೊಂದು, ಮೊದಲನೆಯದಕ್ಕಿಂತ ದೊಡ್ಡ ದೂರು.

ಮೊದಲು ಅಲ್ಲಿ ಇರುವುದೇನು ಎಂಬುದನ್ನು ಹೇಳುತ್ತೇನೆ. ಮಾಲ್ಟಾದ ಪಾವೊಲಾ ಎಂಬ ಊರಿನಲ್ಲಿ 1902ರಲ್ಲಿ ಮನೆಗಳಿಗೆ ನೀರಿನ ತೊಟ್ಟಿ ಕೊರೆಯುತ್ತಿದ್ದ ಕೆಲಸಗಾರರ ಹಾರೆ ಒಂದು ಪೊಳ್ಳಿನ ಚಾವಣಿಯನ್ನು ಒಡೆಯಿತು. ಕೆಲಸ ನಿಂತುಹೋಗುತ್ತದೆಂದು ಮೊದಲು ಸುದ್ದಿ ಮುಚ್ಚಿಟ್ಟರು. ಗುತ್ತಿಗೆದಾರರು ಎಲ್ಲ ದೇಶದಲ್ಲೂ ಒಂದೇ! ಸುದ್ದಿ ಹೊರಬಿದ್ದ ಮೇಲೆ ಕೆಳಗೆ ಇಳಿದವರಿಗೆ ಕಂಡದ್ದು ಮೂರು ಅಂತಸ್ತಿನ ನೆಲದಡಿಯ ಶ್ಮಶಾನ. ಅದರ ಹೆಸರು ಹಲ್ ಸಫ್ಲಿಯೆನಿ ಹೈಪೋಜಿಯಮ್. ಹೈಪೋಜಿಯಮ್ ಎಂದರೆ ಗ್ರೀಕ್ ಭಾಷೆಯಲ್ಲಿ ನೆಲದ ಕೆಳಗಿನದು ಎಂದಷ್ಟೇ ಅರ್ಥ. ವಿಸ್ತೀರ್ಣ ಸುಮಾರು 500 ಚದರ ಮೀಟರ್. ಅತಿ ಆಳದ ಕೋಣೆ ರಸ್ತೆ ಮಟ್ಟದಿಂದ 10 ಮೀಟರಿಗಿಂತ ಕೆಳಗಿದೆ. ಕ್ರಿ.ಪೂ. 4000ದ ಸುಮಾರಿಗೆ ಮೇಲಿನ ಅಂತಸ್ತಿನಿಂದ ಕೆಲಸ ಆರಂಭವಾಗಿ, ಜಾಗ ಸಾಲದಾದಂತೆ ಕೆಳಕೆಳಗೆ ಕೊರೆಯುತ್ತಾ, ಕ್ರಿ.ಪೂ. 2500ರವರೆಗೆ ಅದು ಬಳಕೆಯಲ್ಲಿತ್ತು. ಅಂದರೆ ಸಾವಿರದ ಐನೂರು ವರ್ಷ. ನಮ್ಮ ಬಸವಾದಿ ಶರಣರ ಕಾಲದಿಂದ ಇಂದಿನವರೆಗೆ ಆಗಿರುವುದು ಒಂಬತ್ತು ನೂರು ವರ್ಷ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆಯನ್ನು ಓದಬೇಕು.

ಆ ಜನರ ಬಳಿ ಲೋಹವಿರಲಿಲ್ಲ. ಕಬ್ಬಿಣ ಬಿಡಿ, ತಾಮ್ರವೂ ಇಲ್ಲ. ಜಿಂಕೆಯ ಕೊಂಬು, ಚಕಮಕಿ ಕಲ್ಲು, ಸಮುದ್ರ ದಾಟಿ ತಂದ ಕರಿಗಾಜಿನಂಥ ಜ್ವಾಲಾಮುಖಿ ಶಿಲೆ, ಇವೇ ಸಲಕರಣೆ. ಅಲ್ಲಿಯ ಸುಣ್ಣದ ಕಲ್ಲು ಮೆದು, ನಮ್ಮ ಕಣಶಿಲೆಯಂತೆ ಉಳಿಗೆ ಸವಾಲು ಹಾಕುವಂಥದ್ದಲ್ಲ. ಆದರೂ ಗಾಳಿ ಬೆಳಕು ಇಲ್ಲದ ಕಡೆ ಕೂತು ಕೊಂಬಿನಿಂದ ಕಲ್ಲು ಕೆರೆಯುವುದೆಂದರೆ ಏನು ಎಂಬುದು ಸುರಂಗದ ಕೆಲಸ ಮಾಡಿಸಿದವರಿಗೆ ಗೊತ್ತು.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ನಡುವಿನ ಅಂತಸ್ತು. ಅಲ್ಲಿ ಒಂದು ಕೋಣೆಯ ಮುಖಭಾಗವನ್ನು, ನೆಲದ ಮೇಲಿನ ಅವರ ಗುಡಿಗಳು ಹೇಗಿದ್ದವೋ ಹಾಗೆಯೇ ಬಂಡೆಯಲ್ಲಿ ಕೆತ್ತಿದ್ದಾರೆ. ಎರಡು ನಿಂತ ಕಲ್ಲು, ಮೇಲೊಂದು ಅಡ್ಡಗಲ್ಲು, ಅದರ ಮೇಲೆ ಸಾಲುಸಾಲಾಗಿ ಒಳಕ್ಕೆ ಚಾಚುತ್ತಾ ಹೋಗುವ ಚಾವಣಿ. ಕಟ್ಟಡದಲ್ಲಿ ಅಡ್ಡಗಲ್ಲು ಭಾರ ಹೊರುತ್ತದೆ. ಸಾಲುಕಲ್ಲು ಒಳಕ್ಕೆ ಚಾಚಿದರೆ ಮೇಲಿನ ಅಗಲ ಕಡಿಮೆಯಾಗಿ ಚಾವಣಿ ಮುಚ್ಚಲು ಅನುಕೂಲ. ಒಂದೊಂದು ಭಾಗಕ್ಕೂ ಒಂದೊಂದು ಕೆಲಸವಿದೆ. ಇಡೀ ಬಂಡೆಯೊಳಗೆ ಕೊರೆದ ಕೋಣೆಯಲ್ಲಿ ಇವು ಯಾವುದಕ್ಕೂ ಕೆಲಸವೇ ಇಲ್ಲ. ಅಡ್ಡಗಲ್ಲು ಏನನ್ನೂ ಹೊತ್ತಿಲ್ಲ, ಸಾಲು ಏನನ್ನೂ ಮುಚ್ಚಿಲ್ಲ. ಕೆತ್ತದೆ ಬಿಟ್ಟಿದ್ದರೂ ಚಾವಣಿ ಬೀಳುತ್ತಿರಲಿಲ್ಲ, ಶ್ರಮವೂ ಉಳಿಯುತ್ತಿತ್ತು. ಹಾಗಿದ್ದೂ ಕೆತ್ತಿದ್ದಾರೆ. ನಮ್ಮ ಇಲಾಖೆಯ ಲೆಕ್ಕದಲ್ಲಿ ಇದು ಅನಾವಶ್ಯಕ ವೆಚ್ಚ. ಆಡಿಟ್ ಆಕ್ಷೇಪಣೆ ಗ್ಯಾರಂಟಿ.

ಅವರ ಮಾತು ನಮಗೆ ಉಳಿದಿಲ್ಲ, ಲಿಪಿ ಇರಲಿಲ್ಲ. ಅವರು ಏನೆಂದುಕೊಂಡಿದ್ದರು ಎಂಬುದಕ್ಕೆ ಸಾಕ್ಷಿ ಈ ಅನಾವಶ್ಯಕ ವೆಚ್ಚವೇ. ಬದುಕಿದ್ದವರು ಸೇರುತ್ತಿದ್ದ ಗುಡಿಯಂಥದೇ ಒಂದು ಗುಡಿ ಸತ್ತವರಿಗೂ ಇರಬೇಕು, ಅದರ ಬಾಗಿಲೂ ಚಾವಣಿಯೂ ಮೇಲಿನದರಂತೆಯೇ ಕಾಣಬೇಕು ಎಂದು ಬಯಸಿದ್ದರು. ತರ್ಷೀನ್ ಎಂಬ ದೊಡ್ಡ ಗುಡಿ ಅಲ್ಲಿಂದ ಕೆಲವೇ ನೂರು ಮೀಟರ್ ದೂರದಲ್ಲಿದೆ. ಪೂಜೆಯ ಸ್ಥಳ ಮತ್ತು ಮಣ್ಣು ಮಾಡುವ ಸ್ಥಳ ಅವರಿಗೆ ಒಂದೇ ಊರಿನ ಎರಡು ಕೇರಿಗಳಂತೆ ಇದ್ದವು ಎಂದಾದರೂ ಇದರಿಂದ ತಿಳಿಯುತ್ತದೆ. ಚಾವಣಿಗಳ ಮೇಲೆ ಕೆಂಪು ಬಣ್ಣದ ಸುರುಳಿಗಳ ಚಿತ್ರವಿದೆ. ಹೆಣಗಳ ಮೇಲೂ ಅದೇ ಕೆಮ್ಮಣ್ಣನ್ನು ಉದುರಿಸುತ್ತಿದ್ದರು. ಉಪನ್ಯಾಸಕರ ‘ಕಾವಿ’ ಇದೇ. ಕೆಮ್ಮಣ್ಣು ಬಳಿದವರೆಲ್ಲ ವಿರಕ್ತರಾದರೆ ಮಲೆನಾಡಿನ ಹಳೆಯ ಮನೆಗಳ ಗೋಡೆಗಳಿಗೂ ದೀಕ್ಷೆ ಆಗಿದೆ ಎನ್ನಬೇಕಾಗುತ್ತದೆ.

ಓಂಕಾರದ ಕೋಣೆಯ ವಿಷಯಕ್ಕೆ ಬರುತ್ತೇನೆ. ನಡುವಿನ ಅಂತಸ್ತಿನಲ್ಲಿ ಒಂದು ಕೋಣೆಯ ಗೋಡೆಯಲ್ಲಿ ಸಣ್ಣ ಗೂಡಿದೆ. ಅದರೊಳಗೆ ಗಂಡಸರ ದಪ್ಪ ದನಿಯಲ್ಲಿ ಮಾತಾಡಿದರೆ ಇಡೀ ಶ್ಮಶಾನ ಗುಂಯ್ಗುಡುತ್ತದೆ. ಅಳೆದವರು 70 ಮತ್ತು 114 ಹರ್ಟ್ಜ್ ಸುಮಾರಿನ ಅನುರಣನ ಕಂಡಿದ್ದಾರೆ. ಇಷ್ಟು ನಿಜ. ಇದರ ಮೇಲೆ ಕಟ್ಟಿದ್ದೇನು? ‘ಇದು ಮಿದುಳನ್ನು ಸಮಾಧಿ ಸ್ಥಿತಿಗೆ ಒಯ್ಯುವ ದಿವ್ಯ ಸಂಖ್ಯೆ, ಪ್ರಾಚೀನರಿಗೆ ನಾದವಿಜ್ಞಾನ ತಿಳಿದಿತ್ತು.’ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರು ಗಟ್ಟಿ ಗೋಡೆಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, 343ನ್ನು ಆ ಅಂತರದ ಎರಡರಷ್ಟರಿಂದ, ಅಂದರೆ 3ರಿಂದ ಭಾಗಿಸಿ. 114 ಬರುತ್ತದೆ. ಪಿಯುಸಿ ಭೌತಶಾಸ್ತ್ರ. ನಿಮ್ಮ ಮನೆಯ ಬಚ್ಚಲುಮನೆಯನ್ನು ಟೇಪು ಹಿಡಿದು ಅಳೆಯಿರಿ, ಹೆಚ್ಚುಕಡಿಮೆ ಇದೇ ದಿವ್ಯ ಸಂಖ್ಯೆ ಅಲ್ಲೂ ಸಿಗುತ್ತದೆ. ಸ್ನಾನ ಮಾಡುವಾಗ ಎಲ್ಲರೂ ಗವಾಯಿಗಳಾಗುವುದು ಇದರಿಂದಲೇ. ಆ ಜನ ಗುಂಯ್ಗುಡುವುದನ್ನು ಕೇಳಿರಲೇಬೇಕು, ಕೇಳಿದ ಮೇಲೆ ಹಾಡಿಯೂ ಇರಬಹುದು. ಕತ್ತಲಲ್ಲಿ ಸತ್ತ ತಾಯಿಯ ಪಕ್ಕ ಕೂತು ಹಾಡಿದ ದನಿ ಕಲ್ಲಿನೊಳಗೆ ತಿರುಗಿ ಬಂದರೆ ಅದೇ ದೊಡ್ಡದು. ಅದಕ್ಕೆ ಹರ್ಟ್ಜಿನ ಶಿಫಾರಸು ಬೇಕಿಲ್ಲ.

ಇನ್ನು ನರಬಲಿಯ ಮಾತು. ಅಲ್ಲಿ ಆರೇಳು ಸಾವಿರ ಜನರ ಅಸ್ಥಿಗಳು ಇದ್ದವು ಎಂಬ ಅಂದಾಜು ಇದೆ. ‘ಏಳು ಸಾವಿರ ಅಸ್ಥಿಪಂಜರ’ ಎಂದೊಡನೆ ನಮ್ಮವರ ಕಣ್ಣಿಗೆ ಒಂದೇ ದಿನದ ಮಾರಣಹೋಮ ಕಾಣುತ್ತದೆ. ಏಳು ಸಾವಿರವನ್ನು ಸಾವಿರದ ಐನೂರು ವರ್ಷದಿಂದ ಭಾಗಿಸಿದರೆ ವರ್ಷಕ್ಕೆ ನಾಲ್ಕೈದು ಸಾವು. ವೈದ್ಯ ಔಷಧ ಇಲ್ಲದ ಕಾಲದಲ್ಲಿ ನೂರೈವತ್ತು ಜನರ ಒಂದು ಸಣ್ಣ ಊರಿನಲ್ಲಿ ಆಗುವಷ್ಟು ಸಾವು ಅದು. ಅಜ್ಜ ಸತ್ತ, ಬಾಣಂತಿ ಸತ್ತಳು, ಜ್ವರ ಬಂದು ಕೂಸು ಸತ್ತಿತು. ಇಷ್ಟೇ. ಬಲಿಯೂ ಇಲ್ಲ, ಅನ್ಯಗ್ರಹದವರೂ ಇಲ್ಲ. ಉದ್ದನೆಯ ತಲೆಬುರುಡೆಗಳೆಂದು ತೋರಿಸುವ ಚಿತ್ರಗಳೂ ಹೀಗೆಯೇ. ಜನರ ತಲೆ ಎಲ್ಲ ಕಾಲದಲ್ಲೂ ಉದ್ದ, ದುಂಡು ಎಂದು ಬೇರೆ ಬೇರೆ ಇರುತ್ತದೆ, ಯಾವುದೇ ಮದುವೆ ಊಟದ ಪಂಕ್ತಿಯಲ್ಲಿ ನಿಂತು ನೋಡಿದರೂ ಗೊತ್ತಾಗುತ್ತದೆ.

ಸಿಟ್ಟು ಬರುವುದು ಲಿಂಗದ ಮಾತಿಗೆ. ತರ್ಷೀನ್ ಗುಡಿಯಲ್ಲಿ ಪುರುಷಾಂಗದ ಆಕಾರದ ಸಣ್ಣ ಕೆತ್ತನೆಗಳು ಸಿಕ್ಕಿರುವುದು ನಿಜ. ಇಷ್ಟಲಿಂಗ ಅದರ ಸಂಕೇತವಲ್ಲ, ಅದು ಅರಿವಿನ ಕುರುಹು ಎಂದು ನಾವು ಎಷ್ಟು ಕಾಲದಿಂದ ವಾದಿಸುತ್ತಾ ಬಂದಿದ್ದೇವೆ? ಹೊರಗಿನ ವಿದ್ವಾಂಸರು ಆ ಮಾತೆತ್ತಿದಾಗ ಪ್ರತಿಭಟನೆ ಮಾಡಿದ್ದೇವೆ, ಪತ್ರಿಕೆಗೆ ಪತ್ರ ಬರೆದಿದ್ದೇವೆ. ಈಗ ನಮ್ಮದೇ ವೇದಿಕೆಯ ಮೇಲೆ, ನಮ್ಮದೇ ಉಪನ್ಯಾಸಕರು ಅಂಥ ಕಲ್ಲಿನ ಚಿತ್ರ ತೋರಿಸಿ ‘ಲಿಂಗ ಸಿಕ್ಕಿತು’ ಎನ್ನುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ! ಇದಕ್ಕಿಂತ ದೊಡ್ಡ ಅಪಚಾರವನ್ನು ನಮ್ಮ ವಿರೋಧಿಗಳೂ ಮಾಡಿಲ್ಲ. ಹಲ್ ಸಫ್ಲಿಯೆನಿಯಲ್ಲಿ ಸಿಕ್ಕ, ಮಂಚದ ಮೇಲೆ ಒರಗಿ ಮಲಗಿದ ಹೆಂಗಸಿನ ಗೇಣುದ್ದವೂ ಇಲ್ಲದ ಮಣ್ಣಿನ ಮೂರ್ತಿಯನ್ನು ಒಬ್ಬರು ‘ಶಿವಯೋಗ ನಿದ್ರೆ’ ಎಂದದ್ದನ್ನೂ ಕೇಳಿದ್ದೇನೆ. ಆಕೆ ನಿದ್ರಿಸುತ್ತಿದ್ದಾಳೋ, ಸತ್ತಿದ್ದಾಳೋ, ಕನಸು ಕಾಣುತ್ತಿದ್ದಾಳೋ ಹೇಳಲು ಬಾರದು. ಆ ಮೂರ್ತಿಯ ಸೊಗಸೇ ಅದು. ಅದರ ಮೇಲೆ ನಮ್ಮ ಹೆಸರಿನ ಚೀಟಿ ಅಂಟಿಸಿದರೆ ಸೊಗಸೂ ಹೋಯಿತು, ಸತ್ಯವೂ ಹೋಯಿತು.

‘ಸುಡುವವರು ಬಂದು ಹೂಳುವವರನ್ನು ಅಳಿಸಿದರು’ ಎಂಬ ಮಾತಿಗೆ ಆಧಾರವಿದೆಯೇ? ಇದೆ ಎಂಬಂತೆ ಕಾಣುವ ಒಂದು ಸಂಗತಿ ಇದೆ, ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಗುಡಿ ಕಟ್ಟಿದ ಜನರ ಕಾಲ ಮುಗಿದ ಮೇಲೆ, ಕಂಚಿನ ಸಲಕರಣೆ ಬಳಸುವ ಬೇರೆ ಸಂಸ್ಕೃತಿಯ ಜನ ಪಾಳುಬಿದ್ದ ತರ್ಷೀನ್ ಗುಡಿಯೊಳಗೆ ತಮ್ಮ ಸತ್ತವರನ್ನು ಸುಟ್ಟ ಬೂದಿಯನ್ನು ಗಡಿಗೆಗಳಲ್ಲಿ ಇಟ್ಟಿದ್ದಾರೆ. ಇಷ್ಟನ್ನು ಹಿಡಿದುಕೊಂಡು ನಮ್ಮವರು ಮಾಲ್ಟಾದಲ್ಲೂ ಒಂದು ಕಲ್ಯಾಣ ಕ್ರಾಂತಿ, ಒಂದು ವೈದಿಕ ಸಂಚು ಕಟ್ಟಿಬಿಟ್ಟಿದ್ದಾರೆ. ಹೊಸ ಕಾಲಗಣನೆಯ ಪ್ರಕಾರ ಗುಡಿಗಳ ಕಾಲ ಮುಗಿದದ್ದಕ್ಕೂ ಬೂದಿಯ ಗಡಿಗೆಗಳಿಗೂ ನಡುವೆ ಕೆಲವು ಶತಮಾನಗಳ ಅಂತರವಿದೆ. ಬಂದವರು ಬರುವ ಮೊದಲೇ ಗುಡಿಗಳು ಬಿದ್ದಿದ್ದವು. ಯಾರನ್ನು ಯಾರು ಅಳಿಸಿದರು?

ಹಳೆಯ ಜನ ಯಾಕೆ ಮರೆಯಾದರು ಎಂಬುದಕ್ಕೆ ಸುಳುಹು ಸಿಗುವುದು ಪಕ್ಕದ ಗೊಜೊ ದ್ವೀಪದಲ್ಲಿ. ಅಲ್ಲಿ ಶಾರಾ ಎಂಬ ಊರಿನ ಬಳಿ, ಜಗಾಂತಿಯಾ ಎಂಬ ಹಿರಿಯ ಗುಡಿಗೆ ಹತ್ತಿರದಲ್ಲೇ, ಕಲ್ಲಿನ ಸುತ್ತುಕಟ್ಟಿನೊಳಗೆ ಇನ್ನೊಂದು ನೆಲದಡಿಯ ಶ್ಮಶಾನವಿದೆ. ಇದು ಪೂರ್ತಿ ಕೊರೆದದ್ದಲ್ಲ, ನಿಸರ್ಗದ ಗುಹೆಗಳನ್ನೇ ಸರಿಪಡಿಸಿಕೊಂಡು, ಕುಸಿಯುವ ಕಡೆ ಕಲ್ಲು ನಿಲ್ಲಿಸಿ ಬಳಸಿದ್ದು. 1987ರಿಂದ 1994ರವರೆಗೆ ಮಾಲ್ಟಾ ಮತ್ತು ಬ್ರಿಟನ್ನಿನ ವಿದ್ವಾಂಸರು ಕೂಡಿ ಅದನ್ನು ಅಗೆದರು. ಸಿಕ್ಕ ಮೂಳೆ ಚೂರುಗಳು ಸುಮಾರು 2,20,000. ಒಂದೊಂದನ್ನೂ ಎತ್ತಿದ ಜಾಗ ಬರೆದುಕೊಂಡರು. ಆಮೇಲೆ ವರ್ಷಗಟ್ಟಲೆ ಪ್ರಯೋಗಾಲಯದ ಕೆಲಸ ನಡೆಯಿತು. 2022ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಆ ಜನಸಂಖ್ಯೆ ತೀರ ಚಿಕ್ಕದಾಗಿತ್ತು, ಹೊರಗಿನ ಸಂಬಂಧ ಕಡಿಮೆಯಾಗಿ ಒಳಗೊಳಗೇ ಕೊಟ್ಟುಕೊಳ್ಳುವುದು ನಡೆದಿತ್ತು ಎಂದು ತೋರಿಸಿತು. ಸಣ್ಣ ದ್ವೀಪ, ಸವೆಯುವ ಮಣ್ಣು, ಕುಗ್ಗುವ ಜನ. ಉಪನ್ಯಾಸದ ವೇದಿಕೆಗೆ ಬೇಕಾದ ಖಳನಾಯಕ ಇದರಲ್ಲಿ ಇಲ್ಲ. ಅದಕ್ಕೇ ಯಾರೂ ಇದನ್ನು ಹೇಳುವುದಿಲ್ಲ.

ಶಾರಾದಲ್ಲಿ ಮಣ್ಣು ಮಾಡಿದ ಕ್ರಮವನ್ನು ಓದಿದರೆ ಅವರ ವಿಧಿಗೂ ನಮ್ಮದಕ್ಕೂ ಎಷ್ಟು ದೂರ ಎಂಬುದು ತಾನೇ ತಿಳಿಯುತ್ತದೆ. ಹೆಣವನ್ನು ತಂದು ಮಲಗಿಸುತ್ತಿದ್ದರು. ಮಾಂಸ ಕರಗಿದ ಮೇಲೆ ಮತ್ತೆ ಬಂದು ಮೂಳೆಗಳನ್ನು ಸರಿಸಿ, ಇನ್ನೊಬ್ಬರಿಗೆ ಜಾಗ ಮಾಡುತ್ತಿದ್ದರು. ತಲೆಬುರುಡೆಗಳನ್ನು ಒಂದು ಕಡೆ, ಉದ್ದ ಮೂಳೆಗಳನ್ನು ಇನ್ನೊಂದು ಕಡೆ ಸೇರಿಸಿದ ಗುರುತುಗಳಿವೆ. ಗಂಡು, ಹೆಣ್ಣು, ಮಕ್ಕಳು ಎಲ್ಲರೂ ಬೆರೆತಿದ್ದಾರೆ. ನಡುವೆ ಕಲ್ಲಿನಲ್ಲಿ ಕಡೆದ ದೊಡ್ಡ ಬೋಗುಣಿ. ಒಂದೆಡೆ ಕಟ್ಟಿಟ್ಟಂತೆ ಸಿಕ್ಕ ಆರು ಚಪ್ಪಟೆ ಮಾನವಾಕೃತಿಗಳು, ಕೆಲವು ಪೂರ್ತಿ ಕೆತ್ತಿದವು, ಕೆಲವು ಅರ್ಧಕ್ಕೆ ಬಿಟ್ಟವು. ಸತ್ತವರ ಮೂಳೆಗಳನ್ನು ಬದುಕಿದ್ದವರು ಮತ್ತೆ ಮತ್ತೆ ಕೈಯಿಂದ ಮುಟ್ಟುತ್ತಿದ್ದರು ಎಂಬುದು ಸ್ಪಷ್ಟ. ‘ಹಾಗಾದರೆ ಅವರಿಗೂ ಮರಣಸೂತಕ ಇರಲಿಲ್ಲ’ ಎಂದು ಈಗಲೇ ಯಾರೋ ಟಿಪ್ಪಣಿ ಮಾಡಿಕೊಳ್ಳುತ್ತಿರಬಹುದು. ದಯವಿಟ್ಟು ಬೇಡ. ಮುಟ್ಟಿದ ಮೇಲೆ ಏಳು ದಿನ ಮೈಲಿಗೆ ಹಿಡಿದರೋ, ಮಿಂದರೋ, ಉಪವಾಸ ಇದ್ದರೋ, ಮೂಳೆ ಹೇಳುವುದಿಲ್ಲ.

ನಮ್ಮಲ್ಲಿ ಹಾಗಲ್ಲ. ವಿಭೂತಿ ಧರಿಸಿ ವಿಮಾನದಲ್ಲಿ ಕೂರಿಸಿದ ಶರೀರವನ್ನು ಕುಣಿಗೆ ಇಳಿಸುತ್ತೇವೆ. ಕುಣಿಯ ಪಕ್ಕದ ಗೂಡಿನಲ್ಲಿ ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಪತ್ರಿ ವಿಭೂತಿಗಳಿಂದ ತುಂಬಿ ಮಣ್ಣು ಕೊಡುತ್ತೇವೆ. ಒಮ್ಮೆ ಮುಚ್ಚಿದರೆ ಮುಗಿಯಿತು, ಮತ್ತೆ ತೆರೆಯುವುದಿಲ್ಲ. ಇದರ ಹಿಂದೆ ಒಂದು ವಿಚಾರವಿದೆ. ಲಿಂಗ ಹಿಡಿದ ಅಂಗ ಅಪವಿತ್ರವಲ್ಲ, ಸಾವು ಸೂತಕವಲ್ಲ, ಸತ್ತವರು ಎಲ್ಲಿಗೋ ಹೋಗಿ ಪಿಂಡಕ್ಕೆ ಕಾಯುವವರಲ್ಲ ಎಂಬ ವಿಚಾರ. ಈ ವಿಚಾರ ಹನ್ನೆರಡನೆಯ ಶತಮಾನದ್ದು. ಅದನ್ನು ಆಡಿದವರ ಹೆಸರು ನಮಗೆ ಗೊತ್ತಿದೆ, ಅವರ ಕಾಯಕ ಗೊತ್ತಿದೆ, ಅವರ ಮಾತುಗಳು ನಮ್ಮ ಬಾಯಲ್ಲಿವೆ. ಹೀಗಿರುವಾಗ ಹೆಸರೇ ಉಳಿಯದ, ಮಾತೇ ಉಳಿಯದ ಒಂದು ದ್ವೀಪದ ಜನರ ಮೂಳೆಗಳನ್ನು ಎಳೆದು ತಂದು ‘ಇವರೂ ಹೂಳುತ್ತಿದ್ದರು, ಆದ್ದರಿಂದ ನಾವು ಸರಿ’ ಎನ್ನುವ ದೈನ್ಯ ಯಾಕೆ? ಹಳೆಯದು ಎಂಬುದೇ ಸರಿ ಎಂಬುದಕ್ಕೆ ಪ್ರಮಾಣವಾದರೆ ಜಾತಿಯೂ ಹಳೆಯದೇ. ಹಳೆಯದು ಎಂಬ ಪ್ರಮಾಣವನ್ನು ಒಪ್ಪದೆ ಎದ್ದವರ ಮಕ್ಕಳು ನಾವು.

ಈ ಉಪನ್ಯಾಸದಿಂದ ಆಗುವ ನಷ್ಟ ಬರೀ ತಾತ್ವಿಕವಲ್ಲ. ನಮ್ಮ ಕಡೆಯ ಒಂದು ಹಳ್ಳಿಯವರು ರುದ್ರಭೂಮಿಗೆ ಜಾಗ ಕೇಳಿ ಅರ್ಜಿ ಬರೆಸಲು ನನ್ನ ಬಳಿ ಬಂದಿದ್ದರು. ಅವರ ಜೊತೆ ಬಂದ ಒಬ್ಬ ಹುಡುಗ ಹದಿನಾಲ್ಕು ಪುಟ ಪ್ರಿಂಟ್ ತೆಗೆಸಿಕೊಂಡು ಬಂದಿದ್ದ, ಬಣ್ಣದಲ್ಲಿ. ‘ಸಾಹೇಬ್ರ, ಇದನ್ನೂ ಜೋಡಸ್ರಿ, ಅರ್ಜಿಗೆ ವಜನ ಬರ್ತದ’ ಎಂದ. ನೋಡಿದರೆ ಮಾಲ್ಟಾ! ಅರ್ಜಿಗೆ ಬೇಕಾಗಿದ್ದ ಸರ್ವೆ ನಂಬರ್ ಅವರ ಬಳಿ ಇರಲಿಲ್ಲ, ಗ್ರಾಮ ನಕ್ಷೆ ಇರಲಿಲ್ಲ, ಹಳೆಯ ಪಹಣಿ ಇರಲಿಲ್ಲ. ಆ ಊರಿನಲ್ಲಿ ಇಷ್ಟು ದಿನ ಮಣ್ಣು ಮಾಡುತ್ತಿದ್ದ ಹಳ್ಳದ ದಂಡೆ ಯಾರ ಹೆಸರಿನಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ‘ತಮ್ಮಾ, ತಹಶೀಲ್ದಾರರು ಕೇಳೋದು ಸರ್ವೆ ನಂಬರ್, ಸಮುದ್ರದಾಚೆ ಸುದ್ದಿ ಅಲ್ಲ’ ಎಂದೆ. ಹುಡುಗನ ಮುಖ ಸಣ್ಣದಾಯಿತು. ಅವನದು ತಪ್ಪಲ್ಲ. ವೇದಿಕೆಯ ಮೇಲಿನವರು ಅವನ ಕೈಗೆ ಕೊಟ್ಟದ್ದು ಅದನ್ನೇ. ಪಹಣಿ ತೆಗೆಸುವುದು ಹೇಗೆ ಎಂದು ಯಾವ ಶಿಬಿರದಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾಲ್ಟಾದಿಂದ ಕಲಿಯುವುದು ಏನೂ ಇಲ್ಲವೇ? ಧರ್ಮ ಕಲಿಯುವುದು ಬೇಕಿಲ್ಲ, ಗಣಿತ ಕಲಿಯಬಹುದು. 500 ಚದರ ಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಐದು ಗುಂಟೆ. ಐದು ಗುಂಟೆಯಲ್ಲಿ, ಮೂರು ಅಂತಸ್ತಾದರೂ ಇರಲಿ, ಒಂದು ಊರು ಸಾವಿರದ ಐನೂರು ವರ್ಷ ತನ್ನ ಸತ್ತವರಿಗೆಲ್ಲ ಜಾಗ ಕೊಟ್ಟಿತು. ನಮ್ಮ ಲೆಕ್ಕ ನೋಡಿ. ಸಿಮೆಂಟು ಗ್ರಾನೈಟಿನ ಒಂದು ಸಮಾಧಿಗೆ ಎಂಟಡಿ ಐದಡಿ, ಅಂದರೆ 40 ಚದರ ಅಡಿ. ಸುತ್ತ ಓಡಾಡಲು ಅಷ್ಟೇ ಜಾಗ ಬಿಟ್ಟರೆ 80. ಒಂದು ಎಕರೆಗೆ 43,560 ಚದರ ಅಡಿ, ಅಂದರೆ 544 ಸಮಾಧಿ. ವರ್ಷಕ್ಕೆ ಇಪ್ಪತ್ತು ಸಾವಾಗುವ ಊರಿನಲ್ಲಿ ಇಪ್ಪತ್ತೇಳು ವರ್ಷಕ್ಕೆ ಎಕರೆ ಭರ್ತಿ. ಆಮೇಲೆ? ಮತ್ತೆ ಅರ್ಜಿ. ಬರೀ ಮಣ್ಣಿನ ದಿಬ್ಬವಾದರೆ ಒಂದೆರಡು ತಲೆಮಾರಿನಲ್ಲಿ ನೆಲ ಸಮವಾಗಿ ಇನ್ನೊಬ್ಬರಿಗೆ ಜಾಗವಾಗುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಇದ್ದದ್ದು ಅದೇ. ಈಗ ಉಳ್ಳವರ ಮನೆಯ ಸಾವಿಗೆ ಗ್ರಾನೈಟ್, ಸ್ಟೀಲ್ ಕಟಕಟೆ, ಮೇಲೊಂದು ಮಂಟಪ, ಅದಕ್ಕೆ ಬಲ್ಬು. ಸ್ಥಾವರಕ್ಕೆ ಅಳಿವುಂಟು ಎಂಬ ಅರ್ಥದ ವಚನವನ್ನು ಆ ಗ್ರಾನೈಟಿನ ಮೇಲೆಯೇ ಕೆತ್ತಿಸಿದ್ದನ್ನು ನೋಡಿದ್ದೇನೆ. ಮಠಗಳ ಗದ್ದುಗೆಯ ವಿಷಯ ಬೇರೆ ಎನ್ನುತ್ತಾರೆ. ಬೇರೆ ಹೇಗೆ ಎಂದು ಪೂಜ್ಯರೇ ಅಪ್ಪಣೆ ಕೊಡಿಸಲಿ, ಕೇಳಲು ಸಿದ್ಧನಿದ್ದೇನೆ. ನಗರಗಳಲ್ಲಂತೂ ಜಾಗ ಸಿಗದೆ ನಮ್ಮವರೇ ವಿದ್ಯುತ್ ಚಿತಾಗಾರದ ಸರತಿಯಲ್ಲಿ ನಿಂತಿದ್ದಾರೆ. ಹೂಳುವ ಪದ್ಧತಿಯ ಎದುರಿಗೆ ಇಂದು ನಿಂತಿರುವ ಪ್ರಶ್ನೆ ಅದರ ಪ್ರಾಚೀನತೆಯದಲ್ಲ, ಚದರ ಅಡಿಯದು.

ಪ್ರಾಚೀನ ಶ್ಮಶಾನವನ್ನೇ ನೋಡಬೇಕೆಂಬ ಆಸೆ ಇರುವವರು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿಗೆ ಹೋಗಿ ಬನ್ನಿ. ಬೆಟ್ಟದ ಮೇಲೆ ಸುಮಾರು ನಾನೂರು ಬೃಹತ್ ಶಿಲಾ ರಚನೆಗಳು. ಮಾಲ್ಟಾದ್ದಕ್ಕಿಂತ ಬಹಳ ಈಚಿನವು, ಆದರೂ ಎರಡು ಸಾವಿರ ವರ್ಷಕ್ಕೂ ಹಳೆಯವು. ಕುಳ್ಳ ಜನ ಕಟ್ಟಿದ ಮನೆಗಳು ಎಂಬ ಕಥೆ ಸುತ್ತಲಿನ ಊರುಗಳಲ್ಲಿದೆ. ಅಲ್ಲಿ ಅನ್ಯಗ್ರಹದವರು, ಇಲ್ಲಿ ಕುಳ್ಳರು. ಕಟ್ಟಿದವರು ನಮ್ಮಂಥ ಮನುಷ್ಯರೇ ಎಂದು ಒಪ್ಪಲು ಯಾಕೋ ಎಲ್ಲರಿಗೂ ಕಷ್ಟ. ಎಷ್ಟೋ ಚಪ್ಪಡಿಗಳು ಉರುಳಿವೆ. ಶಿಬಿರದ ಬಸ್ಸು ಅಲ್ಲಿಗೆ ಹೋದದ್ದನ್ನು ನಾನು ಕಂಡಿಲ್ಲ.

ಹಲ್ ಸಫ್ಲಿಯೆನಿಯನ್ನು ಈಗ ಹೇಗೆ ಕಾಯುತ್ತಾರೆ ಎಂಬುದನ್ನೂ ಹೇಳಬೇಕು. ದಿನಕ್ಕೆ 80 ಜನರಿಗೆ ಮಾತ್ರ ಪ್ರವೇಶ, ಒಮ್ಮೆಗೆ ಹತ್ತು ಜನ. ತಿಂಗಳುಗಟ್ಟಲೆ ಮೊದಲೇ ಚೀಟಿ ಕಾಯ್ದಿರಿಸಬೇಕು. ಹೊರಗಿನಿಂದ ನೋಡಿದರೆ ಮನೆಗಳ ಸಾಲಿನ ನಡುವೆ ಒಂದು ಸಾಧಾರಣ ಬಾಗಿಲು. ಒಳಗೆ ಫೋಟೊ ತೆಗೆಯುವಂತಿಲ್ಲ, ದೀಪ ಮಂದ. ನಮ್ಮ ಉಸಿರಿನ ಇಂಗಾಲಾಮ್ಲ, ಮೈಯ ಶಾಖ, ತೇವ, ದೀಪದ ಬೆಳಕಿಗೆ ಬೆಳೆಯುವ ಪಾಚಿ ಇವು ಆ ಕೆಂಪು ಸುರುಳಿಗಳನ್ನು ತಿಂದುಹಾಕುತ್ತವೆಂದು 1990ರ ದಶಕದಲ್ಲಿ ವರ್ಷಗಟ್ಟಲೆ ಮುಚ್ಚಿದ್ದರು. 2000ದಲ್ಲಿ ಹವೆಯನ್ನು ಹದದಲ್ಲಿಡುವ ವ್ಯವಸ್ಥೆ ಮಾಡಿ ತೆರೆದರು. ಇಷ್ಟು ಕಾಳಜಿ ಮೊದಲೇ ಇರಲಿಲ್ಲ. ಮೊದಲು ಅಗೆತದ ಹೊಣೆ ಹೊತ್ತವರು ಮಾನ್ವೆಲ್ ಮಾಗ್ರಿ ಎಂಬ ಜೆಸ್ವಿಟ್ ಪಾದ್ರಿ. 1907ರಲ್ಲಿ ಅವರು ಟ್ಯುನೀಷಿಯಾದ ಸ್ಫಾಕ್ಸ್ ಎಂಬಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಟಿಪ್ಪಣಿಗಳು ಸಿಗಲೇ ಇಲ್ಲ. ಆಮೇಲೆ ಬಂದ ತೆಮಿಸ್ಟೋಕ್ಲಿಸ್ ಜಮ್ಮಿತ್ ಎಂಬ ವೈದ್ಯರು ಉಳಿದದ್ದನ್ನು ಜೋಪಾನವಾಗಿ ಅಗೆದು ಬರೆದರು. ಆದರೆ ಅಷ್ಟರಲ್ಲಿ ಬಹುಪಾಲು ಕೋಣೆಗಳು ಖಾಲಿಯಾಗಿದ್ದವು. ಆರೇಳು ಸಾವಿರ ಎಂಬುದು ಇಂದಿಗೂ ಅಂದಾಜಾಗಿಯೇ ಉಳಿದಿರುವುದಕ್ಕೆ ಕಾರಣ ಇದು. ಉಳಿದದ್ದು ಕೆಲವು ತಲೆಬುರುಡೆಗಳು. ಯಾರನ್ನು ಎಲ್ಲಿ, ಯಾವ ದಿಕ್ಕಿಗೆ, ಯಾರ ಪಕ್ಕ ಇಟ್ಟಿದ್ದರು ಎಂಬುದು ಒಬ್ಬರ ಕಾಗದಪತ್ರದ ಜೊತೆ ಹೋಯಿತು. ಎಂಬತ್ತು ವರ್ಷದ ನಂತರ ಶಾರಾದಲ್ಲಿ ಒಂದೊಂದು ಚೂರನ್ನೂ ಬರೆದುಕೊಂಡವರು ಈ ನಷ್ಟ ಮತ್ತೆ ಆಗದಂತೆ ನೋಡಿಕೊಂಡರು.

ಅರ್ಜಿ ಬರೆಸಲು ಬಂದ ಆ ಹಳ್ಳಿಯಲ್ಲಿ ಕುಣಿ ತೋಡುವ ಹಿರಿಯರೊಬ್ಬರಿದ್ದಾರೆ. ಎಂಬತ್ತು ದಾಟಿದೆ, ಈಗ ಗುದ್ದಲಿ ಹಿಡಿಯಲಾರರು, ದಂಡೆಯ ಮೇಲೆ ಕೂತು ಹುಡುಗರಿಗೆ ಹೇಳಿ ತೋಡಿಸುತ್ತಾರೆ. ಅವರ ಅಳತೆ ಟೇಪಿನದಲ್ಲ, ಲಿಂಗೈಕ್ಯರಾದವರ ಪಾದದ್ದು. ಗೂಡು ಯಾವ ದಿಕ್ಕಿಗೆ, ಎಷ್ಟು ಪಾದ, ಮೆಟ್ಟಿಲು ಎಷ್ಟು, ಕರಿಮಣ್ಣಿನಲ್ಲಿ ಕುಸಿಯದಂತೆ ಗೂಡಿನ ಬಾಯಿಗೆ ಯಾವ ಕಲ್ಲು, ಮಳೆಗಾಲದಲ್ಲಿ ನೀರು ಒಸರಿದರೆ ಏನು ಮಾಡಬೇಕು, ಎಲ್ಲ ಅವರಿಗೆ ಗೊತ್ತು. ಮಠದಿಂದಾಗಲಿ, ನಮ್ಮ ಪತ್ರಿಕೆಯಿಂದಾಗಲಿ, ವಿಶ್ವವಿದ್ಯಾಲಯದಿಂದಾಗಲಿ ಯಾರಾದರೂ ಬಂದು ಬರೆದುಕೊಂಡಿದ್ದಾರೆಯೇ ಎಂದು ಕೇಳಿದೆ. ‘ಯಾರ ಬರ್ತಾರ್ರಿ’ ಎಂದರು. ಮುಂದಿನ ಶಿಬಿರದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಮಾಲ್ಟಾದ ಉಪನ್ಯಾಸಕ್ಕೆ ಇಟ್ಟ ಆ ಒಂದು ಗಂಟೆಯಲ್ಲಿ ಇವರ ಹೆಸರು ಹಾಕಿಸಿ ಎಂದು ಸಂಘಟಕರನ್ನು ಕೇಳಿಕೊಂಡಿದ್ದೇನೆ. ಬಸ್ಸಿನಲ್ಲಿ ಕೂರಲಾರರು, ಕಾರು ಕಳಿಸಬೇಕಾಗುತ್ತದೆ. ಕಾರಿನ ಬಾಡಿಗೆ ನಾನು ಕೊಡುತ್ತೇನೆ.